ವೈನಿ ನನಗೊಬ್ಬಳಿಗೇ ಹೇಳಿದ ಮಾತು

ಆ ಮಾತನ್ನು ಸಿನಿಮಾದವರಿಗೆ ಮುಟ್ಟಿಸಿದವಳು ನಾನೇ. ಗೌರಾ ವೈನಿ ನನ್ನ ಕೈ ಹಿಡಿದು ಕೇಳಿದಾಗ ಇಲ್ಲ ಅಂದೆ. ಆ ಸುಳ್ಳನ್ನು ಕಾಪಾಡಲು, ಹುಟ್ಟದೇ ಇದ್ದ ಒಬ್ಬ ಮನುಷ್ಯನನ್ನು ಅವರ ಮನಸ್ಸಿನಲ್ಲಿ ಬೆಳೆಯಗೊಟ್ಟೆ, ಕಡೆಗೆ ಅವನನ್ನು ಸಾಯಿಸಿದೆ ಕೂಡ. ಇದರಲ್ಲಿ ಯಾವುದು ದೊಡ್ಡ ತಪ್ಪು ಎಂದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಅಕ್ಕಲಕೋಟ ತಾಲೂಕಿನ ನಾಗಣಸೂರಿನ ಮಲ್ಲಿನಾಥ ಹವಾಲ್ದಾರರು ಎಪ್ಪತ್ತೊಂದರ ಯುದ್ಧದಲ್ಲಿ ತೀರಿಕೊಂಡಿದ್ದರು. ಅವರ ಜೀವನದ ಮೇಲೆ ಮರಾಠಿ ಸಿನಿಮಾ ತೆಗೆಯಲು ಮುಂಬಯಿಯಿಂದ ಒಂದು ಕಂಪನಿ ಬಂತು. ಸೋಲಾಪುರದಲ್ಲಿ ನಮ್ಮ ತಂದೆಯದು ಬಟ್ಟೆ ಅಂಗಡಿ. ಸೈನಿಕರ ಸಮವಸ್ತ್ರದ ಬಟ್ಟೆ, ಹೆಂಗಸರ ಇಳಕಲ್ ಸೀರೆ ಎಲ್ಲವನ್ನೂ ಅವರು ನಮ್ಮಲ್ಲೇ ತೆಗೆದುಕೊಂಡರು. ಮಾತಿನ ನಡುವೆ ನಿರ್ದೇಶಕರು, ಹವಾಲ್ದಾರರ ಹೆಂಡತಿ ಗೌರಾ ಇಂಡಿ ಕಡೆಯವರು, ಮರಾಠಿ ಬರುವುದಿಲ್ಲ, ಎರಡೂ ಭಾಷೆ ಬಲ್ಲ ಹೆಣ್ಣುಮಗಳು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ನಮ್ಮ ಮನೆಯಲ್ಲಿ ಕನ್ನಡ, ನನ್ನ ಕಾಲೇಜಿನಲ್ಲಿ ಮರಾಠಿ. ತಂದೆ ನನ್ನ ಕಡೆ ನೋಡಿದರು. ನಾನು ಆಗಲೇ ಹೂಂ ಅಂದುಬಿಟ್ಟಿದ್ದೆ.

ಕಂಪನಿಯವರು ಅಕ್ಕಲಕೋಟದ ಧರ್ಮಶಾಲೆಯಲ್ಲಿ ಇಳಿದಿದ್ದರು. ಯುದ್ಧವನ್ನು ತಡವಳದ ಹತ್ತಿರ ಮಾಳದ ಮೇಲೆ ತೆಗೆದರು. ಮುಂಜಾನೆ ನಮ್ಮ ಕಡೆಯ ಸೈನಿಕರಾದ ಊರ ಹುಡುಗರೇ ಮಧ್ಯಾಹ್ನ ಟೊಪ್ಪಿಗೆ ಬದಲಿಸಿ ವೈರಿಗಳಾಗುತ್ತಿದ್ದರು. ಸತ್ತು ಬಿದ್ದವರು ಚಹಾ ಬಂತೆಂದರೆ ಎದ್ದು ಬರುತ್ತಿದ್ದರು. ನನ್ನ ಕೆಲಸ ಅಲ್ಲಿರಲಿಲ್ಲ. ಹವಾಲ್ದಾರರ ಹೆಂಡತಿಯ ಪಾತ್ರ ಮಾಡುವ ನಟಿಯನ್ನು ಕರೆದುಕೊಂಡು ನಾಗಣಸೂರಿಗೆ ಹೋಗಿ, ಗೌರಾ ವೈನಿಯವರ ಮನೆಯಲ್ಲಿ ಕೂರುವುದು, ಅವರು ಹೇಳಿದ್ದನ್ನು ಮರಾಠಿಯಲ್ಲಿ ಹೇಳುವುದು — ಅಷ್ಟೇ. ನಟಿ ಅವರಿಂದ ರೊಟ್ಟಿ ಬಡಿಯಲು ಕಲಿತಳು, ಸೆರಗು ಹೊದೆಯಲು ಕಲಿತಳು. ವೈನಿ ಅವಳಿಗಿಂತ ನನ್ನ ಜೊತೆಗೇ ಹೆಚ್ಚು ಮಾತಾಡುತ್ತಿದ್ದರು. ನನ್ನನ್ನು ತಂಗಿ ಎನ್ನುತ್ತಿದ್ದರು, ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ.

ನಿರ್ದೇಶಕರಿಗೆ ಒಂದು ದೃಶ್ಯ ಹಿಡಿಸಿರಲಿಲ್ಲ. ಹವಾಲ್ದಾರರು ಕಡೆಯ ಸಲ ಮನೆ ಬಿಡುವಾಗ ಹೆಂಡತಿ ಆರತಿ ಎತ್ತಿ, ಕುಂಕುಮ ಹಚ್ಚಿ ಕಳಿಸುವ ದೃಶ್ಯ. ವೈನಿ ಎಲ್ಲರಿಗೂ ಹೇಳಿದ್ದು ಹಾಗೆಯೇ. ಇಂಥದ್ದು ಎಲ್ಲ ಸಿನಿಮಾದಲ್ಲೂ ಇದೆ, ನಾನು ನಿಜವಾದ ಹೆಂಗಸನ್ನು ತಾ ಅಂದರೆ ನೀನು ರೊಟ್ಟಿಯ ಸುದ್ದಿ ತರುತ್ತೀ ಎಂದು ನಿರ್ದೇಶಕರು ಎಲ್ಲರೆದುರಿಗೆ ನನ್ನನ್ನು ಹಂಗಿಸಿದರು. ನನಗೆ ಅವಮಾನವಾಯಿತು. ಇದನ್ನು ಕಾರಣ ಎಂದು ಹೇಳುತ್ತಿಲ್ಲ — ನಡೆದದ್ದನ್ನು ಹೇಳುತ್ತಿದ್ದೇನೆ.

ಮರುದಿನ ಮಧ್ಯಾಹ್ನ ನಟಿ ಇರಲಿಲ್ಲ. ವೈನಿ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ನಾನು ಸುಮ್ಮನೆ ಕೇಳಿದಂತೆ ಕೇಳಿದೆ — ಸುಮ್ಮನೆ ಕೇಳಿರಲಿಲ್ಲ.

"ವೈನಿ, ಅವರು ಹೊಂಟ ದಿನ ಖರೇ ಏನಾತ್ರಿ?"

ಮೊರ ನಿಂತಿತು.

"ಆರತಿ ಗೀರತಿ ಏನೂ ಮಾಡಿಲ್ಲ ತಂಗಿ ನಾ," ಅಂದರು. "ಕೂಸು ತೀರಿ ತಿಂಗಳಾಗಿರಲಿಲ್ಲ. ಅವರು ಅರ್ಧಾ ರಜಾ ಬಿಟ್ಟು ಹೊಂಟ್ರು. ಅತ್ತಿ ಟ್ರಂಕ್ ಹೊರಿಸಿಕೊಂಡು ಮುಂದ ಹೋಗಿದ್ರು. ನಾ ಒಲಿ ಮುಂದಿಂದ ಏಳಲಿಲ್ಲ. 'ಹೋಗ್ರಿ, ತಿರುಗಿ ಬರಬ್ಯಾಡ್ರಿ' ಅಂದೆ. ಮಾರಿ ಎತ್ತಿ ಸುದ್ದಾ ನೋಡಲಿಲ್ಲ." ಮೊರ ಮತ್ತೆ ಎತ್ತಿಕೊಂಡು, "ಇದು ಸಿನಿಮಾದವರಿಗೆ ಹೇಳಬ್ಯಾಡ. ಅತ್ತಿಗೂ ಗೊತ್ತಿಲ್ಲ. ನಿನಗ ಅಂತ ಹೇಳೀನಿ."

"ಇಲ್ರಿ ವೈನಿ," ಅಂದೆ.

ಅದೇ ಸಂಜೆ ಧರ್ಮಶಾಲೆಯ ಅಂಗಳದಲ್ಲಿ ನಿರ್ದೇಶಕರಿಗೂ ಸಂಭಾಷಣೆ ಬರೆಯುವವರಿಗೂ ಹೇಳಿದೆ. ಒಂದೊಂದೇ ಮರಾಠಿ ಶಬ್ದ ಆರಿಸಿ ಹೇಳಿದೆ. ನಿರ್ದೇಶಕರ ಕಣ್ಣು ತುಂಬಿದವು. ನನ್ನ ತಲೆಯ ಮೇಲೆ ಕೈಯಿಟ್ಟು, ಇವತ್ತು ನನಗೆ ಸಿನಿಮಾ ಸಿಕ್ಕಿತು ಅಂದರು. ನನಗೆ ಸಂತೋಷವಾಯಿತು. ಇದನ್ನೂ ಮುಚ್ಚಿಡಬಾರದು — ಬಹಳ ಸಂತೋಷವಾಯಿತು.

ಆ ದೃಶ್ಯವನ್ನು ಮುಂಬಯಿಯಲ್ಲಿ ತೆಗೆದರು. ವೈನಿಗೆ ಸುಳಿವೂ ಇರಲಿಲ್ಲ. ಸಿನಿಮಾ ಸೋಲಾಪುರಕ್ಕೆ ಬಂದಾಗ ಹವಾಲ್ದಾರರ ತಾಯಿ, ವೈನಿ ಇಬ್ಬರನ್ನೂ ಮೊದಲ ಆಟಕ್ಕೆ ಕರೆದರು. ಮಾತುಗಳನ್ನು ಕನ್ನಡದಲ್ಲಿ ಪಿಸುಗುಡುತ್ತಾ ಇಬ್ಬರ ನಡುವೆ ನಾನು ಕೂತಿದ್ದೆ. ಪರದೆಯ ಮೇಲೆ ಒಲೆ, ಒಲೆಯ ಮುಂದೆ ನಟಿ. "ಜಾ. ಪರತ್ ಯೇಊ ನಕಾ." ಹೋಗಿ, ತಿರುಗಿ ಬರಬೇಡಿ — ಅಷ್ಟು ಮರಾಠಿ ನಾನು ಹೇಳದೆಯೂ ಇಬ್ಬರಿಗೂ ತಿಳಿಯುತ್ತಿತ್ತು. ಟಾಕೀಜಿನಲ್ಲಿ ಹೆಂಗಸರು ಅಳತೊಡಗಿದರು.

ವೈನಿಯ ಅತ್ತೆ ನನ್ನ ಕಡೆ ಬಾಗಿ, "ಇದೇನಿದು? ನಮ್ಮ ಗೌರಾ ಹಿಂಗ ಅಂದಿದ್ಲೇನು?" ಅಂದರು.

"ಇಲ್ರಿ ಆಯಿ, ಸಿನಿಮಾದವರು ಬರಕೊಂಡಾರ," ಅಂದೆ.

ಮುಂದೆ ಯುದ್ಧಭೂಮಿ. ನಾಯಕ ಖಂದಕದಲ್ಲಿ ಕೂತು ಗೆಳೆಯನಿಗೆ ನಗುತ್ತಾ ಹೇಳುತ್ತಾನೆ — ಬರಬೇಡ ಅಂದಿದ್ದಾಳೆ; ಹೋದರೆ ಮೊದಲು ರೊಟ್ಟಿ ಬಡಿದು ಹಾಕುತ್ತಾಳೆ, ಆಮೇಲೆ ಬೈಯುತ್ತಾಳೆ, ನೋಡುತ್ತಿರು. ಈ ಮಾತು ಸಂಭಾಷಣೆ ಬರೆದವರದು. ಅಂಥ ಗೆಳೆಯನೂ ಇರಲಿಲ್ಲ. ನನಗೆ ಗೊತ್ತಿತ್ತು.

ಹೊರಗೆ ಬಂದ ಮೇಲೆ ವೈನಿ ನನ್ನನ್ನು ಪಕ್ಕಕ್ಕೆ ಕರೆದರು. ನನ್ನ ಕೈ ಹಿಡಿದರು.

"ನೀ ಹೇಳಿದಿ?"

"ಇಲ್ರಿ ವೈನಿ."

"ಮತ್ತ ಯಾರು?"

"ಡೈರೆಕ್ಟರ್ ಸಾಹೇಬ್ರು ಪಲ್ಟಣಿಗೆ ಹೋಗಿದ್ರು," ಅಂದೆ. ಅದು ನಿಜವಿತ್ತು, ಹವಾಲ್ದಾರರ ಸೇನಾದಳದವರನ್ನು ಕಾಣಲು ಹೋಗಿದ್ದರು. ನಾನು ಅಷ್ಟಕ್ಕೇ ನಿಲ್ಲಿಸಿದೆ. ಉಳಿದದ್ದನ್ನು ವೈನಿಯೇ ಜೋಡಿಸಿಕೊಂಡರು. ಅವರ ಮುಖ ಅರಳುವುದನ್ನು ನಾನು ನೋಡಿದೆ.

"ಹಂಗಾರ ಅವರೇ ಹೇಳ್ಯಾರ. ನಕ್ಕೊಂತ ಹೇಳ್ಯಾರ. ಸಿಟ್ಟ ಇರಲಿಲ್ಲ ಅವರಿಗೆ. ಅಲ್ಲೇನು ತಂಗಿ?"

ನಾನು ಹೌದೆಂದು ತಲೆಯಾಡಿಸಿದೆ.

ಅಲ್ಲಿಂದ ಎಲ್ಲ ಗೋಜಲಾಗಿದೆ. ಆ ಸುಳ್ಳು ಅವರನ್ನು ಬದುಕಿಸಿತು — ಹಾಗೆ ಕಂಡಿತು ನನಗೆ. ಕೆಲವು ದಿನಗಳಲ್ಲಿ ಅತ್ತೆಗೆ ತಾವೇ ಎಲ್ಲ ಹೇಳಿಕೊಂಡರು. ಊರ ಸಾಲೆಯಲ್ಲಿ ಝಂಡಾ ಏರಿಸುವ ದಿನ ಅವರನ್ನು ಕರೆಯುತ್ತಿದ್ದರು. ನಾಲ್ಕು ಜನರೆದುರು ಮಾತೇ ಬಾರದ ವೈನಿ ಎದ್ದು ನಿಂತು, ತಾವು ಬೈದು ಕಳಿಸಿದ್ದು, ಗಂಡ ಅದನ್ನು ಗೆಳೆಯನಿಗೆ ಹೇಳಿ ನಕ್ಕಿದ್ದು ಎಲ್ಲ ಹೇಳುತ್ತಿದ್ದರು. ಮಕ್ಕಳು ನಗುತ್ತಿದ್ದವು, ಅವರೂ ನಗುತ್ತಿದ್ದರು. ಆ ನಗುವನ್ನು ಕಂಡ ಮೇಲೆ ನಿಜ ಹೇಳಲು ಯಾರಿಗೆ ಬಾಯಿ ಬಂದೀತು ಎಂದುಕೊಳ್ಳುತ್ತಿದ್ದೆ. ಆದರೆ ನಾನು ಕಾಪಾಡುತ್ತಿದ್ದುದು ಅವರ ನಗುವನ್ನೋ, ನನ್ನ ಮಾನವನ್ನೋ?

ಅವರು ಆ ಗೆಳೆಯನ ಹೆಸರು ಕೇಳತೊಡಗಿದರು. "ಒಮ್ಮೆ ಅವರನ್ನ ನೋಡಬೇಕು ತಂಗಿ. ಅವರ ಕಿವಿಗೆ ಬಿದ್ದ ಮಾತದು." ವಿಚಾರಿಸುತ್ತೇನೆ, ವಿಚಾರಿಸುತ್ತೇನೆ ಎಂದು ನಾನು ದಿನ ನೂಕಿದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ತಡೆಯಲಾರದೆ, ಅವರೂ ತೀರಿಕೊಂಡರಂತೆ ಅಂದುಬಿಟ್ಟೆ. ವೈನಿ ಎದ್ದು ಹೋಗಿ ತಣ್ಣೀರು ಸ್ನಾನ ಮಾಡಿ ಬಂದರು. ಆ ದಿನ ಒಲೆ ಹಚ್ಚಲಿಲ್ಲ. ನೆರೆಯವರು ಕೇಳಿದರೆ, ನಮ್ಮ ಮನೆಯವರ ಗೆಳೆಯರು ಹೋದರು ಅಂದರು. ನಾನು ಅದೇ ಪಡಸಾಲೆಯಲ್ಲಿ ಕೂತಿದ್ದೆ. ಇಲ್ಲದ ಮನುಷ್ಯನ ಸೂತಕ — ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ವರ್ಷಗಳು ಹೋದವು. ನನ್ನ ಮದುವೆಯಾಯಿತು, ಮಕ್ಕಳಾದವು, ಮೊಮ್ಮಕ್ಕಳೂ ಬಂದವು. ಹೋದ ವರ್ಷ ವೈನಿ ಹೇಳಿಕಳಿಸಿದರೆಂದು ನಾಗಣಸೂರಿಗೆ ಹೋದೆ. ಮೊಣಕಾಲು ಹಿಡಿದ ಆ ವಯಸ್ಸಿನಲ್ಲಿ ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿ ಇಟ್ಟಿದ್ದರು.

"ಆ ಗೆಳ್ಯಾನ ಹೆಂಡತಿ ಇರಬೇಕಲ್ಲ, ಆಕಿ ಹತ್ರ ಒಂದ ದಿನ ಕೂತು ಬರ್ತೀನಿ. ಯಾವ ಊರಿದ್ರೂ ಕರಕೊಂಡು ನಡಿ."

ಆಗ ಹೇಳಿದೆ. ಎಲ್ಲವನ್ನೂ, ಆ ಸಂಜೆಯ ನನ್ನ ಸಂತೋಷವನ್ನು ಕೂಡ ಬಿಡದೆ ಹೇಳಿದೆ. ತಪ್ಪಾಯಿತು ಅಂದೆ. ವೈನಿ ಡಬ್ಬಿಯ ಮುಚ್ಚಳವನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು.

"ಹಂಗಾರ ಅವರು ನಕ್ಕಿದ್ದು?"

"ಬರಿಯೋರು ಬರದಿದ್ರಿ ವೈನಿ."

ಡಬ್ಬಿಯನ್ನು ನನ್ನ ಕಡೆ ಸರಿಸಿ, "ಹೋಳಿಗಿ ಮನಿಗೆ ಒಯ್ಯಿ. ಮೊಮ್ಮಕ್ಕಳು ತಿಂತಾವ," ಅಂದರು. ನಾನು ತೆಗೆದುಕೊಂಡೆ. ಯಾಕೆ ತೆಗೆದುಕೊಂಡೆನೋ ತಿಳಿಯದು. ಬೇಡ ಅನ್ನುವ ಹಕ್ಕು ನನಗಿರಲಿಲ್ಲ ಅನ್ನಿಸಿತ್ತೇನೋ.

ಈ ವರ್ಷ ಸಾಲೆಯವರು ಕರೆಯಲು ಹೋದರೆ ವೈನಿ ಬರಲಿಲ್ಲವಂತೆ. ಅಲ್ಲಿಯ ಮಾಸ್ತರರು ಸೋಲಾಪುರಕ್ಕೆ ಬಂದಾಗ ನನಗೆ ಹೇಳಿದರು. "ನನಗೇನೂ ಗೊತ್ತಿಲ್ರಿ ಮಾಸ್ತರ, ಸಿನಿಮಾದವರನ್ನ ಕೇಳ್ರಿ" ಅಂದರಂತೆ.

ನಿಜ ಹೇಳಿದ್ದು ಅವರಿಗಾಗಿಯೋ, ನನ್ನ ಭಾರ ಇಳಿಸಿಕೊಳ್ಳಲೋ — ಅದೂ ತಿಳಿಯುತ್ತಿಲ್ಲ. ಬರುವ ಸೋಮವಾರ ಮತ್ತೆ ನಾಗಣಸೂರಿಗೆ ಹೋಗುತ್ತೇನೆ. ಕ್ಷಮೆ ಕೇಳಿ ಆಗಿದೆ, ಅವರು ಉತ್ತರ ಕೊಟ್ಟಿಲ್ಲ, ಕೊಡಬೇಕಾಗಿಯೂ ಇಲ್ಲ. ಬಾಗಿಲು ತೆಗೆದರೆ ಒಳಗೆ ಕೂತು ಬರುತ್ತೇನೆ. ತೆಗೆಯದಿದ್ದರೆ ಹೊರಗಿನ ಕಟ್ಟೆಯ ಮೇಲೆ ಕೂತು, ಸಂಜೆಯ ಬಸ್ಸಿಗೆ ಬರುತ್ತೇನೆ.