ಹೊಸ ಅಂಗಿಯನ್ನು ಹಳತು ಮಾಡಿದ್ದು

ಅವಳನ್ನು ಮೊದಲು ಕಂಡ ದಿನ ನನ್ನ ಹೊಲಿಗೆ ಯಂತ್ರದ ಬೆಲ್ಟು ಹರಿದಿತ್ತು. ಮೆಟ್ಟಿಲ ಕೆಳಗಿನ ನನ್ನ ಅಂಗಡಿಯಲ್ಲಿ ಇಬ್ಬರು ಕೂರುವಷ್ಟು ಜಾಗವಿಲ್ಲ. ನಾನು ನೆಲದ ಮೇಲೆ ಕುಳಿತು ಬೆಲ್ಟಿಗೆ ತಂತಿ ಹಾಕುತ್ತಿದ್ದೆ. ಬಾಗಿಲಲ್ಲಿ ಎರಡು ಕಾಲು ಬಂದು ನಿಂತವು. ಒಂದು ಚಪ್ಪಲಿಯ ಪಟ್ಟಿ ಕಪ್ಪು, ಇನ್ನೊಂದರದು ಕಂದು. ಯಾರೋ ಕೈ ಬಿಗಿಯವರು ಎಂದುಕೊಂಡು ತಲೆ ಎತ್ತಿದೆ. ಹತ್ತೊಂಬತ್ತರ ಹುಡುಗಿ. ಹೆಗಲಲ್ಲಿ ಪುಸ್ತಕದ ಚೀಲ, ಕೈಯಲ್ಲಿ ಗಂಡಸರ ಬೂದು ಅಂಗಿ.

"ಅಜ್ಜಿ, ಕಾಲರ್ ತಿರುಗಿಸಿ ಕೊಡ್ತೀರಾ?"

ಆ ಮಾತು ನನ್ನ ಕಿವಿಗೆ ಬಿದ್ದು ಹತ್ತು ವರ್ಷವಾಗಿತ್ತು. ಕಾಲರು ಕುತ್ತಿಗೆಗೆ ಉಜ್ಜಿ ಮಡಿಕೆಯಲ್ಲಿ ಸವೆಯುತ್ತದೆ. ಅದನ್ನು ಬಿಚ್ಚಿ, ಒಳಮುಖವನ್ನು ಹೊರಗೆ ಮಾಡಿ ಹೊಲಿದರೆ ಅಂಗಿಗೆ ಇನ್ನೆರಡು ವರ್ಷ ಆಯುಸ್ಸು. ನನ್ನ ಗಂಡ ಇದ್ದಾಗ ಇಂಥವು ವಾರಕ್ಕೆ ಹತ್ತು ಬರುತ್ತಿದ್ದವು. ಈಗ ಕಾಲರು ಸವೆದರೆ ಜನ ಅಂಗಿಯನ್ನೇ ಎಸೆಯುತ್ತಾರೆ.

"ಬಿಚ್ಚೋ ಕೆಲಸ ಮನೇಲೇ ಮುಗಿಸಿ ತಂದಿದ್ದೀನಿ. ಹೊಲಿಗೇದಷ್ಟೇ ಕೂಲಿ ತಗೊಳ್ಳಿ" ಎಂದಳು.

"ಬಿಚ್ಚಿದ ದಾರಾನೂ ತಂದಿದ್ದೀಯೇನೇ?" ಎಂದೆ, ತಮಾಷೆಗೆ.

"ತಂದಿದ್ದೀನಿ" ಎಂದು ಬೆಂಕಿಕಡ್ಡಿಗೆ ಸುತ್ತಿದ ದಾರವನ್ನು ಮುಂದೆ ಹಿಡಿದಳು.

ನಾನು ನಕ್ಕೆ. ಅವಳು ನಗಲಿಲ್ಲ. ದಾರ ಗಟ್ಟಿಯಾಗಿಯೇ ಇತ್ತು. ಅದರಲ್ಲೇ ಹೊಲಿದುಕೊಟ್ಟೆ.

ಬೀದಿಯವರು ಅವಳನ್ನು ಇರುವೆ ಎಂದು ಕರೆಯುತ್ತಿದ್ದರು. ತಾಯಿ ಇಲ್ಲದ ಮಗಳು. ತಂದೆ ದೊಡ್ಡ ಕಚೇರಿಯೊಂದರ ದಫ್ತರದ ಕೋಣೆಯಲ್ಲಿ ಜವಾನ. ಏಣಿ ಹತ್ತಿ ಮೇಲಿನ ಕಪಾಟಿನಿಂದ ಹಳೆಯ ಕಡತ ಇಳಿಸಿಕೊಡುವುದು ಅವನ ಕೆಲಸ. ಸಂಬಳ ಬಂದ ದಿನ ಅಷ್ಟನ್ನೂ ಮಗಳ ಕೈಗೆ ಹಾಕುತ್ತಿದ್ದ. ಪೆಟ್ಟಿಗೆಯ ಕೀಲಿ ಅವಳ ಹತ್ತಿರವೇ. ಅವಳು ಕಾಲೇಜಿನಲ್ಲಿ ಗಣಿತ ಓದುತ್ತಿದ್ದಳು, ಸಂಜೆ ದೊಡ್ಡ ಬಟ್ಟೆ ಮಳಿಗೆಯಲ್ಲಿ ದುಡಿಯುತ್ತಿದ್ದಳು. ಗಿರಾಕಿಗಳು ಹಾಕಿ ನೋಡಿ ಬಿಟ್ಟುಹೋದ ಬಟ್ಟೆಗಳನ್ನು ಮಡಚಿ ಮತ್ತೆ ಜೋಡಿಸಬೇಕು, ಅಷ್ಟೇ.

ಭಾನುವಾರ ನನ್ನ ಹೊಸ್ತಿಲ ಮೇಲೆ ಕುಳಿತು ಲೆಕ್ಕ ಬಿಡಿಸುತ್ತಿದ್ದಳು. ನನ್ನ ಬಲ್ಬಿನ ಬೆಳಕು ಪುಕ್ಕಟೆಯಲ್ಲವೆ! ಆಗ ಮಾತು ಬರುತ್ತಿತ್ತು.

"ಜನ ಬಟ್ಟೆ ಕೊಳ್ಳಲ್ಲ ಅಜ್ಜಿ. ಕನ್ನಡಿ ಮುಂದೆ ನಿಂತ ಆ ಐದು ನಿಮಿಷ ಕೊಳ್ತಾರೆ. ಮನೆಗೆ ಹೋದ್ರೆ ಅದೇ ಗೋಡೆ, ಅದೇ ಮುಖ. ಮುಂದಿನ ತಿಂಗಳು ಮತ್ತೆ ಬರ್ತಾರೆ."

"ನೀನು ಏನಾದ್ರೂ ಕೊಳ್ಳೋದಾದ್ರೆ?"

"ಇದಿಲ್ಲದೆ ನಿನ್ನೆ ಹೇಗಿದ್ದೆ ಅಂತ ನನ್ನನ್ನೇ ಕೇಳ್ಕೋತೀನಿ. ಚೆನ್ನಾಗೇ ಇದ್ದೆ ಅಂತ ಉತ್ತರ ಬರುತ್ತೆ. ವಾಪಸ್ ಬರ್ತೀನಿ."

"ಒಂದನ್ನಾದ್ರೂ ಹಾಕಿ ನೋಡಿದ್ದೀಯಾ, ಹುಚ್ಚಿ?"

"ಹಾಕಿ ನೋಡಿದ್ರೆ ಬೇಕು ಅನ್ಸುತ್ತೆ. ಅದಕ್ಕೇ ನೋಡಿಲ್ಲ."

ಯಾರ ಮುಂದೆಯೂ ಕೈ ಚಾಚದೆ ಓದು ಮುಗಿಸಬೇಕು ಎಂಬುದು ಅವಳ ಹಟ. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ನಾನೂ ಹಾಸಿಗೆ ಇದ್ದಷ್ಟೇ ಕಾಲು ಚಾಚಿದವಳು.

ಎರಡು ವರ್ಷ ಕಳೆದ ಮೇಲೆ ಅದೇ ಬೂದು ಅಂಗಿಯನ್ನು ಮತ್ತೆ ತಂದಳು. ತಿರುಗಿಸಿದ ಮುಖವೂ ಸವೆದು ಒಳಗಿನ ಗಟ್ಟಿಬಟ್ಟೆ ಇಣುಕುತ್ತಿತ್ತು.

"ಕಾಲರಿಗೆ ಇರೋದು ಎರಡೇ ಮುಖ ಕಣೇ. ಮೂರನೇದು ಎಲ್ಲಿಂದ ತರಲಿ?"

"ಬೇರೆ ದಾರಿ ಇಲ್ವಾ ಅಜ್ಜಿ? ಇದು ಕೊನೇ ವರ್ಷ."

ದಾರಿ ಇತ್ತು. ಅಂಗಿಯ ಹಿಂದಿನ ತುದಿ ಪ್ಯಾಂಟಿನೊಳಗೇ ಇರುವುದರಿಂದ ಸವೆಯುವುದಿಲ್ಲ. ಅಲ್ಲಿಂದ ಒಂದು ಗೇಣು ಕತ್ತರಿಸಿ ಹೊಸ ಕಾಲರು ಮಾಡಬಹುದು. ಕತ್ತರಿಸಿದ ಕಡೆ ಬೇರೆ ತುಂಡು ಸೇರಿಸಬೇಕು. ಬೂದು ಬಟ್ಟೆ ನನ್ನಲ್ಲಿರಲಿಲ್ಲ. ದಿಂಬಿನ ಕೆಂಪು ಪಟ್ಟೆಯ ದಪ್ಪ ಬಟ್ಟೆ ಇತ್ತು.

"ಹಾಕಿ ಅಜ್ಜಿ. ಒಳಗೆ ಹೋಗೋದನ್ನ ಯಾರು ನೋಡ್ತಾರೆ?" ಎಂದಳು.

ನಾನೂ ಯಾರು ನೋಡುತ್ತಾರೆ ಎಂದುಕೊಂಡೇ ಹೊಲಿದೆ. ಏಣಿಯ ವಿಷಯ ಇಬ್ಬರಿಗೂ ನೆನಪಾಗಲಿಲ್ಲ.

ಐದಾರು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವಳ ತಂದೆ ಬಂದ. ಬಿಸಿಲಿನಲ್ಲೂ ಸ್ವೆಟರು ಹಾಕಿದ್ದ. ಅದರೊಳಗಿಂದ ಕಾಗದದ ಪೊಟ್ಟಣ ತೆಗೆದ. ಒಂದು ಹೊಚ್ಚ ಹೊಸ ಅಂಗಿ. ಅದೂ ಬೂದು.

"ಅಮ್ಮಾ, ಇದನ್ನ ಹಳೇದು ಮಾಡಿಕೊಡಿ."

ನಾನು ಕನ್ನಡಕ ಸರಿಮಾಡಿಕೊಂಡು ಅವನ ಮುಖ ನೋಡಿದೆ.

"ತಲೆ ಕೆಟ್ಟಿಲ್ಲ ಅಮ್ಮಾ. ಕಚೇರಿಯಲ್ಲಿ ಮೇಲಿನ ಕಪಾಟಿಗೆ ಕೈ ಚಾಚಿದೆ, ಅಂಗಿಯ ಪಟ್ಟೆ ತುಂಡು ಪ್ಯಾಂಟಿಂದ ಈಚೆ ಬಂತು. ಕೆಳಗೆ ಜನ ಸಾಲಾಗಿ ನಿಂತಿದ್ರು. ಗುಮಾಸ್ತ ಕೂಗಿದ, 'ಯಜಮಾನ್ರೇ, ಚಡ್ಡಿ ಕಾಣ್ತಿದೆ!' ಅವತ್ತಿನಿಂದ ನನ್ನ ಹೆಸರು ಪಟ್ಟೆಹುಲಿ. ನಾನೂ ನಕ್ಕೆ. ನಗದೆ ಏನ್ಮಾಡಲಿ? ಆದ್ರೆ ಈಗ ಏಣಿ ಹತ್ತುವಾಗ ಒಂದು ಕೈ ಅಂಗಿ ಹಿಡ್ಕೊಳ್ಳುತ್ತೆ. ಏಣಿಗೆ ಒಂದೇ ಕೈ."

"ಮಗಳಿಗೆ ಹೇಳಬಾರದೇನಪ್ಪಾ?"

"ಹೇಳಿದ್ರೆ ನಾಳೆನೇ ಅಂಗಿ ತರ್ತಾಳೆ. ನಾಡಿದ್ದಿಂದ ತಾನು ಮಧ್ಯಾಹ್ನದ ಊಟ ಬಿಡ್ತಾಳೆ. ಅವಳು ನಿಮಗೆ ಗೊತ್ತಿಲ್ವಾ? ಅವಳ ಹತ್ರ ಕೇಳಿ ಇಸ್ಕೊಂಡ ಬಸ್ ಚಾರ್ಜು ಉಳಿಸಿ, ನಾಲ್ಕು ತಿಂಗಳು ನಡೆದು ಇದನ್ನ ತಗೊಂಡೆ."

ಸೋಡಾ ಹಾಕಿ ನಾಲ್ಕು ಸಲ ಒಗೆದೆ. ಉರಿಬಿಸಿಲಲ್ಲಿ ಒಣಗಿಸಿದೆ. ಕಾಲರನ್ನು ಒರಟು ಕಲ್ಲಿನಿಂದ ಉಜ್ಜಿದೆ. ಅವನು ಕೊಟ್ಟುಹೋದ ಹಳೆಯ ಅಂಗಿಯ ಗುಂಡಿಗಳನ್ನು, ಅಂಚು ಮುರಿದ ಮೂರನೆಯದನ್ನೂ ಸೇರಿಸಿ, ಅದದೇ ಜಾಗಕ್ಕೆ ಹಾಕಿದೆ. ಹಳೆಯದನ್ನು ಹೊಸದು ಮಾಡುತ್ತ ನಲವತ್ತು ವರ್ಷ ಅನ್ನ ತಿಂದವಳು ನಾನು. ಹೊಸದನ್ನು ಕೆಡಿಸಲು ಕೈ ಬರಲಿಲ್ಲ. ಆದರೂ ಮಾಡಿದೆ. ಪಟ್ಟೆಯ ತುಂಡು ಮಾತ್ರ ಹಾಕಲಿಲ್ಲ. ಅದನ್ನು ಹಾಕಿದರೆ ಅವನು ನಾಲ್ಕು ತಿಂಗಳು ನಡೆದು ಏನು ಬಂತು?

"ಇನ್ಮೇಲೆ ನನ್ನ ಬಟ್ಟೆ ನಾನೇ ಒಗೀತೀನಿ" ಎಂದು ಹೇಳಿ ಹೋದ. ಹಾಗೆಯೇ ನಡೆದುಕೊಂಡ. ನಂತರ ಜ್ವರ ಬಂದು ಒಂದು ವಾರ ಮಲಗಿದ.

ಆ ವಾರವೇ ಅವಳು ಬಂದಳು, ಒದ್ದೆ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು. ನೀರು ನನ್ನ ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿತ್ತು.

"ಅಜ್ಜಿ, ಪಟ್ಟೆ ಎಲ್ಲಿ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಏಣಿ, ಗುಮಾಸ್ತ, ಪಟ್ಟೆಹುಲಿ, ಒಂದೇ ಕೈ, ಎಲ್ಲ ಹೇಳಿದೆ. ಅವಳು ಅಂಗಿಯನ್ನು ತಿರುವಿ ಕಾಲರಿನ ಮೇಲೆ ಬೆರಳಾಡಿಸಿದಳು. ನಾನು ಉಜ್ಜಿದ ಜಾಗ ಅವಳಿಗೆ ಗೊತ್ತಾಯಿತು.

"ಕದ್ದು ತಂದವರ ಹಾಗೆ ಮುಚ್ಚಿಟ್ಟಿದ್ದಾರಲ್ಲ ಅಜ್ಜಿ. ಅವರದೇ ಸಂಬಳ."

"ನಿನ್ನ ಓದಿಗೋಸ್ಕರ ಮಗಳೇ."

"ನಾನು ಅಂಗಿ ಅಷ್ಟೇ ನೋಡಿದೆ. ಒಳಗೆ ಅಪ್ಪ ಇದ್ರು" ಎಂದಳು. ಮನೆಗೆ ಹೋಗಿ ಅಂಗಿಯನ್ನು ಒಣಗಿಸಿ, ಇಸ್ತ್ರಿ ಮಾಡಿ ತಂದೆಯ ತಲೆದೆಸೆಯಲ್ಲಿ ಇಟ್ಟಳಂತೆ. ಮುಂದಿನ ತಿಂಗಳು ಸಂಬಳದಲ್ಲಿ ಬಸ್ಸಿನ ಚಾರ್ಜನ್ನು ಅವನು ಕೇಳುವ ಮೊದಲೇ ಅವಳೇ ಎತ್ತಿ ಅವನ ಜೇಬಿಗೆ ಹಾಕಿದಳು ಎಂದು ಅವನೇ ನನಗೆ ಹೇಳಿದ.

ಅವಳ ಓದು ಮುಗಿಯಿತು. ಬೇರೆ ಊರಿನ ಶಾಲೆಯಲ್ಲಿ ಲೆಕ್ಕ ಕಲಿಸುವ ಕೆಲಸ ಸಿಕ್ಕಿತು. ತಂದೆಗೂ ನಿವೃತ್ತಿ, ಆದ್ದರಿಂದ ಇಬ್ಬರೂ ಹೊರಡುವುದೆಂದಾಯಿತು. ಕಚೇರಿಯಲ್ಲಿ ಅವನ ಬೀಳ್ಕೊಡುಗೆಗೆ ಎರಡು ದಿನ ಇದ್ದಾಗ ಅವಳು ಬಂದಳು.

"ಅಪ್ಪನಿಗೆ ಒಂದು ಅಂಗಿ ಹೊಲೀಬೇಕು ಅಜ್ಜಿ. ಪೂರ್ತಿ ಹೊಸದು. ಹಿಂದೆ, ಮುಂದೆ, ಒಳಗೆ, ಎಲ್ಲಾ ಒಂದೇ ಬಟ್ಟೆ."

"ಅಬ್ಬಾ, ಇರುವೆ ಕೂಡಿಟ್ಟ ಸಕ್ಕರೇನ ಈಚೆ ತಂತು! ಬಟ್ಟೆ ತಾ. ನಾಳೆ ಸಂಜೆಗೆ ಕೊಡ್ತೀನಿ."

ತಾನು ಮೂರು ವರ್ಷ ಬಟ್ಟೆ ಮಡಚಿ ಇಟ್ಟ ಅದೇ ಮಳಿಗೆಗೆ, ಮೊದಲ ಸಲ ಗಿರಾಕಿಯಾಗಿ ಹೋದಳು. ನಾನು ಯಂತ್ರಕ್ಕೆ ಎಣ್ಣೆ ಬಿಟ್ಟು, ಕತ್ತರಿ ಹರಿತ ಮಾಡಿ ಕಾದೆ. ತುಂಬ ಹೊತ್ತಿನ ಮೇಲೆ ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತಳು. ಆ ಕಪ್ಪು ಕಂದು ಚಪ್ಪಲಿಯಲ್ಲೇ.

"ದುಡ್ಡು ಸಾಲದಾಯ್ತೇನೇ?"

ಇಲ್ಲವೆಂದು ತಲೆಯಾಡಿಸಿದಳು. ದುಡ್ಡು ಮುಷ್ಟಿಯಲ್ಲೇ ಇತ್ತು.

"ಯಾವ ಬಟ್ಟೆ ಎಷ್ಟು ವರ್ಷ ಬಾಳುತ್ತೆ, ಯಾವುದರಲ್ಲಿ ಕೊಳೆ ಕಾಣಲ್ಲ, ಎಲ್ಲಾ ಗೊತ್ತು" ಎಂದಳು. "ಅಪ್ಪನಿಗೆ ಯಾವ ಬಣ್ಣ ಇಷ್ಟ, ಅಜ್ಜಿ?"