ರೇಷ್ಮೆ ಮನೆಯ ಕಾಮೆಂಟ್ರಿ

ನನ್ನ ತವರು ಮಾಲೂರು. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಅವರಿಗೆ ಎರಡು ಕೆಲಸ ಬಹಳ ಚೆನ್ನಾಗಿ ಬರುತ್ತಿದ್ದವು. ಸುಟ್ಟ ಹೆಂಚನ್ನು ಬೆರಳಲ್ಲಿ ತಟ್ಟಿ, ಅದರ ಸದ್ದಿನಿಂದಲೇ ಬಿರುಕು ಬಿಟ್ಟಿದೆಯೋ ಇಲ್ಲವೋ ಹೇಳುವುದು ಒಂದು. ರೇಡಿಯೋದಲ್ಲಿ ಕಾಮೆಂಟ್ರಿ ಕೇಳುತ್ತಾ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬಾಲ್ ಬಾಲ್‌ಗೂ ಸ್ಕೋರು ಬರೆಯುವುದು ಇನ್ನೊಂದು. ಅಪ್ಪನಿಗೆ ನಾನೊಬ್ಬಳೇ ಮಗಳು. ಪೆನ್ಸಿಲ್ ಚೂಪು ಮಾಡಿಕೊಡುವ ಕೆಲಸದಿಂದ ಶುರುವಾದವಳು ಕ್ರಮೇಣ ಪಕ್ಕದ ಪುಟದಲ್ಲಿ ಬೌಲರುಗಳ ಲೆಕ್ಕ ಬರೆಯುವಷ್ಟು ಬೆಳೆದೆ. ರೇಡಿಯೋದಲ್ಲಿ ಸ್ವಲ್ಪ ಹೊತ್ತು ಇಂಗ್ಲಿಷು, ಸ್ವಲ್ಪ ಹೊತ್ತು ಹಿಂದಿ. ಸ್ಕೂಲಿನಲ್ಲಿ ಹಿಂದಿ ಮೇಷ್ಟ್ರು ಸ್ವಂತ ವಾಕ್ಯ ಬರೆಯಿರಿ ಅಂದಾಗಲೆಲ್ಲ ನಾನು ಚೆಂಡನ್ನು ಬೌಂಡರಿ ದಾಟಿಸಿಬಿಡುತ್ತಿದ್ದೆ. ಬೇರೆ ಯಾವ ವಾಕ್ಯವೂ ನನಗೆ ಬರುತ್ತಿರಲಿಲ್ಲ.

ಮದುವೆಯಾಗಿ ಹೋದದ್ದು ರಾಯಲ್ಪಾಡಿನ ಹತ್ತಿರದ ಒಂದು ಹಳ್ಳಿಗೆ. ಮನೆಯಲ್ಲಿ ಮೂರೇ ಜನ: ಗಂಡ, ಅತ್ತೆ, ನಾನು. ಒಂದಷ್ಟು ರಾಗಿ, ಒಂದಷ್ಟು ಹಿಪ್ಪುನೇರಳೆ ತೋಟ, ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಉದ್ದನೆಯ ಕೋಣೆ. ಮನೆಮಾತು ತೆಲುಗು. ಅತ್ತೆ ಕನ್ನಡ ಆಡಿದರೂ ಅದು ತೆಲುಗಿನ ರಾಗದಲ್ಲೇ ಬರುತ್ತಿತ್ತು. ಕ್ರಿಕೆಟ್ ಅಂದರೆ ಆ ಮನೆಯಲ್ಲಿ ಯಾರಿಗೂ ಏನೂ ಅಲ್ಲ. ನನ್ನ ಗಂಡ, ಈಗಲೂ, ಟಿವಿಯಲ್ಲಿ ಮ್ಯಾಚ್ ಬಂದರೆ ಐದನೇ ನಿಮಿಷಕ್ಕೆ ಗೊರಕೆ ಹೊಡೆಯುವ ಮನುಷ್ಯ. ಹಾಗಾಗಿ ತವರಿನಿಂದ ಬರುವಾಗ ಸೀರೆಗಳ ನಡುವೆ ಒಂದು ಸಣ್ಣ ರೇಡಿಯೋ ಇಟ್ಟುಕೊಂಡು ಬಂದಿದ್ದೆ. ಅದು ಅಪ್ಪ ಕೊಟ್ಟದ್ದು.

ಆ ವರ್ಷದ ಚಳಿಗಾಲದಲ್ಲಿ ನಮ್ಮವರು ಆಸ್ಟ್ರೇಲಿಯಾದಲ್ಲಿ ಟೆಸ್ಟ್ ಆಡುತ್ತಿದ್ದರು. ಅಲ್ಲಿ ಬೆಳಗಿನ ಆಟ ಅಂದರೆ ನಮಗೆ ಕೋಳಿ ಕೂಗುವ ಹೊತ್ತು. ಹಿಪ್ಪುನೇರಳೆ ಸೊಪ್ಪು ಕೀಳುವುದೂ ಅದೇ ಹೊತ್ತಿಗೆ. ಬಿಸಿಲೇರಿದರೆ ಸೊಪ್ಪು ಬಾಡುತ್ತೆ, ಹುಳು ತಿನ್ನಲ್ಲ. ನಾನು ರೇಡಿಯೋವನ್ನು ಸೊಂಟದ ಸೆರಗಿಗೆ ಕಟ್ಟಿಕೊಂಡು ಸೊಪ್ಪು ಕೀಳುತ್ತಿದ್ದೆ. ಅತ್ತೆ ಎರಡು ದಿನ ಆ ಸೆರಗಿನ ಗಂಟನ್ನೇ ನೋಡುತ್ತಾ ಸೊಪ್ಪು ಕಿತ್ತರು. ಮೂರನೇ ದಿನ ಹುಳುಮನೆಯಲ್ಲಿ ಸೊಪ್ಪು ಹಾಸುತ್ತಿರುವಾಗ ಕೇಳಿದರು:

"ಅವನ್ಯಾರೇ ಅದು, ಬೆಳಗ್ಗೆಯಿಂದ ಒಂದೇ ಸಮನೆ ಮಾತಾಡ್ತಾ ಇದ್ದಾನೆ? ಅವನಿಗೆ ನೀರು ಕೊಡೋರು ಯಾರೂ ಇಲ್ವಾ?"

"ಕಾಮೆಂಟ್ರಿ ಅತ್ತೆ. ಆಟ ನಡೀತಾ ಇರೋದನ್ನ ನೋಡಿ ಹೇಳ್ತಾನೆ."

"ಏಮಂಟುನ್ನಾಡು?"

ಏನನ್ನುತ್ತಿದ್ದಾನೆ ಅಂತ ಕೇಳಿದ್ದು ಅವರು. ನಾನು ಹೇಳಿದೆ. ಒಬ್ಬ ಎಸೀತಾನೆ, ಒಬ್ಬ ಹೊಡೀತಾನೆ, ಎಸೆಯೋನ ಕಡೆಯ ಇನ್ನು ಹತ್ತು ಜನ ಕಾಯ್ತಾರೆ. ಅವರಿಗೆ ಅರ್ಥವಾಗಲಿಲ್ಲ. ಹುಳು ಸಾಕುವ ಬಿದಿರಿನ ತಟ್ಟೆಯೊಂದು ಖಾಲಿ ಇತ್ತು, ದುಂಡಗೆ, ಥೇಟ್ ಮೈದಾನದ ಹಾಗೆ. ಅಡುಗೆಮನೆಯಿಂದ ಒಂದು ಹಿಡಿ ಅವರೆಕಾಳು ತಂದು ಹನ್ನೊಂದು ಕಡೆ ಇಟ್ಟೆ. ನಡುವೆ ಬ್ಯಾಟುಗಾರರು ಅಂತ ಎರಡು ಕಡ್ಡಿ. ಇದು ಸ್ಲಿಪ್ಪು, ಇದು ಕವರು, ಇದು ಫೈನ್ ಲೆಗ್ಗು. ಅತ್ತೆ ಬಗ್ಗಿ ನೋಡಿದರು. ಬ್ಯಾಟುಗಾರನ ಮೂಗಿನ ಕೆಳಗೇ ಇದ್ದ ಕಾಳನ್ನು ತೋರಿಸಿ, "ಇವನನ್ಯಾಕೆ ಇಷ್ಟು ಹತ್ತಿರ ಇಟ್ಟಿದ್ದಾರೆ? ಪೆಟ್ಟು ಬಿದ್ರೆ?" ಅಂದರು.

"ಅದಕ್ಕೇ ಅತ್ತೆ, ಆ ಜಾಗಕ್ಕೆ ಸಿಲ್ಲಿ ಪಾಯಿಂಟ್ ಅಂತಾರೆ. ಪೆದ್ದನ ಜಾಗ."

"ಪಾಪ, ಅವನ ತಾಯಿ ನೋಡ್ತಾ ಇರ್ತಾಳೋ ಏನೋ," ಎಂದು ಆ ಅವರೆಕಾಳನ್ನು ಎರಡು ಬೆರಳಲ್ಲಿ ಎತ್ತಿ ಹಿಂದಕ್ಕೆ ಇಟ್ಟುಬಿಟ್ಟರು.

ಅಲ್ಲಿಂದ ಶುರುವಾಯಿತು. ರೇಡಿಯೋದವರು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹೇಳುವುದು, ನಾನು ತೆಲುಗು ಕನ್ನಡ ಕಲಸಿ ಅತ್ತೆಗೆ ಹೇಳುವುದು, ಅತ್ತೆ ಅದಕ್ಕೆ ತೀರ್ಪು ಕೊಡುವುದು. ಹುಳು ಕೊನೆಯ ಹಂತಕ್ಕೆ ಬಂದಾಗ ಕೋಣೆಯ ತುಂಬ ಸೊಪ್ಪು ತಿನ್ನುವ ಸದ್ದು, ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಅದರ ನಡುವೆ ನಾನು ದನಿ ಎತ್ತರಿಸಿ ಹೇಳಬೇಕಾಗುತ್ತಿತ್ತು. ಆ ಸಲದ ಗೂಡು ಒಳ್ಳೆಯದಾಗಿ ಬಂತು. ಕಾಮೆಂಟ್ರಿ ಕೇಳಿದರೆ ಹುಳು ಚೆನ್ನಾಗಿ ತಿನ್ನುತ್ತವೆ ಅಂತ ಅತ್ತೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಎದುರುಮನೆಯವರು ತಮ್ಮ ಹುಳುಮನೆಗೂ ಒಂದು ರೇಡಿಯೋ ತಂದರು. ಅವರು ಭಕ್ತಿಗೀತೆ ಹಾಕಿದರು. ಅವರ ಗೂಡೂ ಚೆನ್ನಾಗಿಯೇ ಬಂತು. ಅತ್ತೆ ಆ ವಿಷಯ ಎತ್ತಲಿಲ್ಲ.

ಅತ್ತೆಗೆ ಟೆಸ್ಟ್ ಮ್ಯಾಚೇ ಆಗಬೇಕು. ಇಪ್ಪತ್ತು ಓವರಿನ ಆಟ ಬಂದಾಗ, "ಇದೇನೇ, ಬಸ್ ಸ್ಟ್ಯಾಂಡಲ್ಲಿ ನಿಂತುಕೊಂಡು ಇಡ್ಲಿ ತಿಂದ ಹಾಗೆ" ಅಂದುಬಿಟ್ಟರು. ಅದರಲ್ಲೂ ಡ್ರಾ ಆದ ಟೆಸ್ಟ್ ಅಂದರೆ ಅವರಿಗೆ ಪಂಚಪ್ರಾಣ. ಐದು ದಿನ ಆಡಿ ಯಾರೂ ಗೆಲ್ಲಲಿಲ್ಲ ಅಂತ ನಾನು ಬೇಜಾರು ಮಾಡಿಕೊಂಡು ಕೂತಿದ್ದರೆ ಅವರು ನಗುತ್ತಿದ್ದರು. "ಯಾರೂ ಸೋಲಲಿಲ್ಲವಲ್ಲ. ಐದು ದಿನ ಎಲ್ಲರೂ ಹೊತ್ತೊತ್ತಿಗೆ ಊಟ ಮಾಡಿದ್ರು, ಟೀ ಕುಡಿದ್ರು, ಕೈ ಕುಲುಕಿ ಹೊರಟರು. ಒಳ್ಳೇ ಮದುವೆ ನಡೆದ ಹಾಗಾಯ್ತು." ಕುರುಡುಮಲೆ ಗಣಪತಿಯ ಮುಂದೆಯೂ ಅವರು ಗೆಲ್ಲಿಸಪ್ಪ ಅಂತ ಬೇಡಿದ್ದು ನಾನು ಕಂಡಿಲ್ಲ. ಯಾರ ಬೆರಳೂ ಮುರಿಯದಿರಲಿ ಅಂತಷ್ಟೇ. ಅಷ್ಟು ಎತ್ತರದ ದೇವರಿಗೆ ಇಷ್ಟು ಸಣ್ಣ ಕೋರಿಕೆ.

ಇನ್ನೊಂದು ಬದಲಾವಣೆಯೂ ಆಯಿತು. ಅಪ್ಪನೂ ಅತ್ತೆಯೂ ಬೀಗರು. ಮದುವೆಯಾಗಿ ವರ್ಷಗಳಾಗಿದ್ದರೂ ಇಬ್ಬರ ನಡುವೆ "ಚೆನ್ನಾಗಿದ್ದೀರಾ", "ಊಟ ಮಾಡಿ" ಬಿಟ್ಟು ಮೂರನೇ ಮಾತಿರಲಿಲ್ಲ. ಒಮ್ಮೆ ಅಪ್ಪ ಊರಿಗೆ ಬಂದಿದ್ದಾಗ, ಜಗುಲಿಯ ಮೇಲೆ ಗಂಟಲು ಸರಿಮಾಡಿಕೊಂಡು ಕೂತಿದ್ದವರನ್ನು ಅತ್ತೆ ಬಾಗಿಲ ಮರೆಯಿಂದಲೇ ಕೇಳಿದರು: "ಅಲ್ಲ ಬೀಗರೇ, ಕಾಲಿಗೆ ಚೆಂಡು ಬಡಿದ್ರೆ ಔಟ್ ಕೊಡೋದು ಯಾವ ನ್ಯಾಯ?" ಅಪ್ಪ ಎದ್ದು ನಿಂತೇಬಿಟ್ಟರು. ಎಲ್‌ಬಿಡಬ್ಲ್ಯೂ ವಿವರಿಸಲು ಊಟದ ಹೊತ್ತು ಮೀರಿತು. ಸಾರು ಎರಡು ಸಲ ಬಿಸಿ ಮಾಡಿದೆ. ಅತ್ತೆ ಕೊನೆಗೂ ಒಪ್ಪಲಿಲ್ಲ.

ಅದಾದ ಮೇಲೆ ಬೆಂಗಳೂರಿನಲ್ಲಿ ಟೆಸ್ಟ್ ಬಂದಾಗ ಮೂರು ಟಿಕೆಟ್ ತೆಗೆಸಿಟ್ಟವರು ಅಪ್ಪನೇ. ಹಿಂದಿನ ದಿನವೇ ಮಾಲೂರಿಗೆ ಹೋಗಿ ಉಳಿದು, ಬೆಳಗಿನ ರೈಲಿಗೆ ಕಂಟೋನ್ಮೆಂಟಿನಲ್ಲಿ ಇಳಿದೆವು. ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು, ಚಿತ್ರಾನ್ನದ ಡಬ್ಬಿ ಹಿಡಿದಿದ್ದರು. ಡಬ್ಬಿ ಒಳಗೆ ಬಿಡುವುದಿಲ್ಲ ಅಂತ ಗೇಟಿನಲ್ಲಿ ಗೊತ್ತಾಯಿತು. ಬಿಸಾಡುವ ಜಾತಿಯವರಲ್ಲ ನಾವು. ಬೆಳಗ್ಗೆ ಒಂಬತ್ತಕ್ಕೆ ಫುಟ್‌ಪಾತಿನ ಮೇಲೆ ಮೂವರೂ ಮಧ್ಯಾಹ್ನದ ಊಟ ಮುಗಿಸಿದೆವು. ಕಾವಲಿಗಿದ್ದ ಪೊಲೀಸಿನವನಿಗೂ ಅತ್ತೆ ಒಂದು ಮುಚ್ಚಳದ ತುಂಬ ಕೊಟ್ಟರು.

ಒಳಗೆ ಹೋಗಿ ಆ ಹಸಿರು ಕಂಡಾಗ ಅತ್ತೆ, "ಅಬ್ಬ, ನಮ್ಮ ತಟ್ಟೆ ಎಷ್ಟು ದೊಡ್ಡದಾಯ್ತಲ್ಲೇ!" ಅಂದರು. ಆಟ ಶುರುವಾಯಿತು. ಒಂದು ಓವರ್ ಮುಗಿಯಿತು, ಎರಡು ಮುಗಿಯಿತು. ಅತ್ತೆ ಕತ್ತು ತಿರುಗಿಸಿ ಸುತ್ತಲೂ ಹುಡುಕುತ್ತಿದ್ದರು, ಏನೋ ಕಳೆದುಕೊಂಡವರ ಹಾಗೆ.

"ಯಾಕತ್ತೆ, ಬಿಸಿಲಾ?"

"ಹೇಳೋದು ಯಾವಾಗ ಶುರು ಮಾಡ್ತಾರೆ?"

"ಯಾರು?"

"ಅದೇ, ರೇಡಿಯೋದವನು."

"ಇಲ್ಲಿ ಹೇಳಲ್ಲ ಅತ್ತೆ. ಕಣ್ಣೆದುರಿಗೇ ನಡೀತಾ ಇದೆಯಲ್ಲ."

"ಕಣ್ಣಿಗೇನೇ ಗೊತ್ತಾಗುತ್ತೆ? ಬಿಳೀ ಬಟ್ಟೆಯವರು ಅತ್ತ ಇತ್ತ ಓಡಾಡ್ತಾರೆ. ಇಷ್ಟು ದೂರ ಬಂದಿದ್ದು ಇದಕ್ಕಾ?" ಅಂದವರು ನನ್ನ ಮೊಣಕೈ ತಿವಿದರು. "ನೀನೇ ಹೇಳು."

ಅಪ್ಪ ನೋಟ್‌ಬುಕ್ಕಿನಿಂದ ತಲೆ ಎತ್ತದೆ, "ಹೇಳಮ್ಮ, ನನಗೂ ಬರೆಯೋಕೆ ಸುಲಭ" ಅಂದರು.

ಮೆತ್ತಗೆ ಶುರು ಮಾಡಿದೆ. ಓಡಿ ಬಂದ, ಎಸೆದ, ಬಿಟ್ಟ. ಹುಳುಮನೆಯಲ್ಲಿ ಹೇಳುತ್ತಿದ್ದ ಹಾಗೆಯೇ ಹೇಳಿದೆ. ಆಫ್ ಸ್ಟಂಪಿನ ಹೊರಗೆ ಹೋದ ಚೆಂಡನ್ನು ಬ್ಯಾಟುಗಾರ ಮುಟ್ಟದೆ ಬಿಟ್ಟಾಗ, "ಪಕ್ಕದ ಮನೆ ಜಗಳ, ನಮಗ್ಯಾಕೆ ಅಂತ ತಲೆ ತಗ್ಗಿಸಿಕೊಂಡು ಹೋದ" ಅಂದೆ. ಹಿಂದಿನ ಸಾಲಿನಿಂದ ನಗು ಕೇಳಿತು. ನಾಚಿಕೆಯಾಗಿ ನಿಲ್ಲಿಸಿದೆ. ಹಿಂದಿನಿಂದ ಒಂದು ದಪ್ಪ ದನಿ, "ಅಕ್ಕಾ, ನಿಲ್ಲಿಸಬೇಡಿ, ಸ್ವಲ್ಪ ಗಟ್ಟಿಯಾಗಿ ಹೇಳಿ" ಅಂದಿತು. ತಿರುಗಿ ನೋಡಿದರೆ ಐವತ್ತರ ಆಸುಪಾಸಿನವರು, ಹೆಗಲ ಮೇಲೆ ಟವೆಲ್ಲು. "ನಮ್ಮ ಕಡೆಯವರೇ ಅಂತ ಮಾತಿನಲ್ಲೇ ಗೊತ್ತಾಯ್ತು. ನಾವು ಶ್ರೀನಿವಾಸಪುರ. ಮಾವಿನಕಾಯಿ ವ್ಯಾಪಾರ." ಟೀ ವೇಳೆಗೆ ನಮ್ಮ ಸುತ್ತ ನಾಲ್ಕು ಸಾಲಿನವರು ನನ್ನ ಮಾತಿಗೆ ಕಿವಿ ಕೊಟ್ಟಿದ್ದರು. ಯಾರೋ ನನಗೆ ನೀರು ತಂದುಕೊಟ್ಟರು. ಅವತ್ತು ನಮ್ಮವರು ದಿನವಿಡೀ ಕುಂಟುತ್ತಾ ಆಡಿದರು, ಹೇಳಿಕೊಳ್ಳುವಂಥ ಆಟವಲ್ಲ. ನನಗೆ ಮಾತ್ರ ಅಂಥ ದಿನ ಅದಕ್ಕೆ ಮುಂಚೆ ಬಂದಿರಲಿಲ್ಲ.

ಹೊರಡುವಾಗ ಆ ಮಾವಿನ ವ್ಯಾಪಾರಿ ಕೇಳಿದರು: "ಅಕ್ಕಾ, ಸಂಕ್ರಾಂತಿ ಆದ ಮೇಲೆ ನಮ್ಮೂರಲ್ಲಿ ಟೆನ್ನಿಸ್ ಬಾಲ್ ಟೂರ್ನಮೆಂಟ್ ಮಾಡ್ತೀವಿ. ಮೈಕು ಹಿಡಿಯೋಕೆ ಬರ್ತೀರಾ?" ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಬರ್ತಾಳೆ. ನಾನೂ ಬರ್ತೀನಿ. ಕುರ್ಚಿ ನೆರಳಲ್ಲಿ ಹಾಕಿಸಿ" ಅಂದರು.

ಹಾಗೆ, ಹದಿನಾರು ತಂಡಗಳ ಪಂದ್ಯಾವಳಿಗೆ ನಾನು ಕಾಮೆಂಟೇಟರ್ ಆದೆ. ಮೊದಲ ಬಹುಮಾನ ಒಂದು ಟಗರು. ಅದನ್ನು ಹಣೆಗೆ ಅರಿಶಿನ ಹಚ್ಚಿ ಶಾಮಿಯಾನದ ಗೂಟಕ್ಕೆ ಕಟ್ಟಿದ್ದರು. ಪಕ್ಕದಲ್ಲೇ ನನ್ನ ಮೇಜು. ನಾನು ಮೈಕಿನಲ್ಲಿ ಏನಾದರೂ ಹೇಳಿದರೆ ಅದೂ ಒಮ್ಮೊಮ್ಮೆ ದನಿಗೂಡಿಸುತ್ತಿತ್ತು.

ಮೊದಲನೇ ದಿನವೇ ಎಡವಟ್ಟಾಯಿತು. ಮುಳಬಾಗಿಲಿನ ತಂಡ ಬೌಲಿಂಗ್ ಮಾಡುತ್ತಿತ್ತು. ನಾನು ಉತ್ಸಾಹದಲ್ಲಿ, ರೇಡಿಯೋದವರ ಹಾಗೆ, "ನೋಡಿ, ಫೈನ್ ಲೆಗ್ ಪೂರ್ತಿ ಖಾಲಿ. ಅಲ್ಲೊಂದು ಎಮ್ಮೆ ಮೇಯಿಸಬಹುದು" ಅಂದೆ. ಮೈಕಿನ ಹಾರ್ನು ಮೈದಾನದ ಕಡೆಗೇ ಮುಖ ಮಾಡಿದೆ ಅನ್ನುವುದು ನನ್ನ ತಲೆಗೇ ಹೋಗಿರಲಿಲ್ಲ. ಬ್ಯಾಟುಗಾರ ಒಮ್ಮೆ ನನ್ನ ಕಡೆ ನೋಡಿದ. ಮುಂದಿನ ಚೆಂಡು ಫೈನ್ ಲೆಗ್ಗಿಗೆ ನಾಲ್ಕು. ಅದರ ಮುಂದಿನದೂ ಅಲ್ಲಿಗೇ ನಾಲ್ಕು.

ಮುಳಬಾಗಿಲಿನ ಕ್ಯಾಪ್ಟನ್ ಆಟ ನಿಲ್ಲಿಸಿ ಟೋಪಿ ಕೈಯಲ್ಲಿ ಹಿಡಿದು ದಡದಡ ಬಂದ. "ಮೇಡಂ, ನೀವು ಯಾವ ಟೀಮು?"

"ಯಾವ ಟೀಮೂ ಇಲ್ಲಪ್ಪ."

"ಮತ್ತೆ ಅವನಿಗೆ ಎಲ್ಲಿ ಹೊಡೀಬೇಕು ಅಂತ ಯಾಕೆ ಹೇಳ್ಕೊಡ್ತೀರಿ?"

ನಾನು ಮೈಕು ಕೆಳಗಿಳಿಸಿದೆ. ಮೈದಾನವೆಲ್ಲ ಕಾಯುತ್ತಿತ್ತು. ಪಕ್ಕದ ಕುರ್ಚಿಯಲ್ಲಿದ್ದ ಅತ್ತೆ, "ಅವನು ಕೇಳೋದು ನ್ಯಾಯ ಕಣೇ. ನಡೆದದ್ದು ಹೇಳು, ನಡೆಯೋದು ಹೇಳಬೇಡ" ಅಂದರು. ನಾನು ಮೈಕಿನಲ್ಲೇ ತಪ್ಪಾಯಿತು ಅಂದೆ. ಆ ಎರಡು ಬೌಂಡರಿ ಏನು ಮಾಡುವುದು ಅಂತ ಅಂಪೈರುಗಳು ತಲೆ ಸೇರಿಸಿದರು. ಕೊನೆಗೆ ಇಬ್ಬರೂ ಕ್ಯಾಪ್ಟನ್ನರು ಒಪ್ಪಿ ಒಂದನ್ನು ಇಟ್ಟುಕೊಂಡು ಒಂದನ್ನು ಬಿಟ್ಟರು. ಜಗತ್ತಿನ ಯಾವ ಕ್ರಿಕೆಟ್ ನಿಯಮದಲ್ಲೂ ಇದಿಲ್ಲ ಅಂತ ಅಪ್ಪ ಫೋನಿನಲ್ಲಿ ಕೇಳಿ ಅರ್ಧ ದಿನ ನಕ್ಕರಂತೆ.

ಹಾರ್ನನ್ನು ಬೀದಿಯ ಕಡೆಗೆ ತಿರುಗಿಸಲಾಯಿತು. ಅದರಿಂದ ನಾವು ಯಾರೂ ಎಣಿಸದ್ದೊಂದು ಆಯಿತು. ಬೀದಿಯಾಚೆಯ ಮನೆಗಳಿಗೆ ನನ್ನ ದನಿ ಕೇಳತೊಡಗಿತು. ಮೈದಾನದಲ್ಲಿ ಹೆಂಗಸೊಬ್ಬಳು ಮಾತಾಡ್ತಾ ಇದ್ದಾಳೆ, ಯಾರು ನೋಡೋಣ ಅಂತ ಎರಡನೇ ದಿನ ನಾಲ್ಕೈದು ಜನ ಹೆಂಗಸರು ಬಂದರು. ಮೂರನೇ ದಿನ ಚಾಪೆ ತಂದರು. ಫೈನಲ್ಲಿನ ಹೊತ್ತಿಗೆ ಬೌಂಡರಿಯ ಒಂದು ಬದಿ ಪೂರ್ತಿ ಅವರದೇ. ಅವರೆಕಾಯಿ ಕಾಲವಾದ್ದರಿಂದ ಎಲ್ಲರ ಮಡಿಲಲ್ಲೂ ಮೊರ, ಕೈ ಸುಲಿಯುತ್ತಿದೆ, ಕಣ್ಣು ಆಟದ ಮೇಲೆ. ಅತ್ತೆ ನನ್ನ ಪಕ್ಕ ಬಿಟ್ಟು ಅಲ್ಲಿಗೇ ಹೋಗಿ ಕೂತುಬಿಟ್ಟಿದ್ದರು. ಕಾಲಿಗೆ ಬಡಿದರೆ ಔಟ್ ಕೊಡುವ ಅನ್ಯಾಯದ ಬಗ್ಗೆ ಹೊಸಬರಿಗೆ ತಿಳಿಸಿ ಹೇಳುತ್ತಿದ್ದರು.

ಫೈನಲ್ ರಾಯಲ್ಪಾಡಿಗೂ ಮಾಲೂರಿಗೂ. ನನ್ನ ಅತ್ತೆಮನೆಗೂ ತವರಿಗೂ ಅಂತ ಮಾವಿನ ವ್ಯಾಪಾರಿ ರೇಗಿಸಿದರು. ಕೊನೆಯ ಚೆಂಡಿಗೆ ರಾಯಲ್ಪಾಡಿಗೆ ಐದು ರನ್ನು ಬೇಕು. ಹುಡುಗ ಕಣ್ಣು ಮುಚ್ಚಿ ಬೀಸಿದ. ಚೆಂಡು ಮೇಲೆ ಹೋಯಿತು, ಬೇವಿನ ಮರದ ತುದಿಗಿಂತ ಮೇಲೆ, ಬೌಂಡರಿ ಗೆರೆಯಾಚೆ ಹೆಂಗಸರ ಕಡೆಗೆ. ಚಾಪೆಯ ಮೇಲಿದ್ದ ದಪ್ಪನೆಯ ಹೆಂಗಸೊಬ್ಬಳು ಮೊರ ಬದಿಗಿಟ್ಟು ಎದ್ದು, ಸೆರಗು ಚಾಚಿ ನಿಂತಳು. ಚೆಂಡು ನೇರ ಸೆರಗಿನೊಳಕ್ಕೆ ಬಿತ್ತು. ಆಕೆ ಅದನ್ನು ಕೂಸಿನ ಹಾಗೆ ಎದೆಗವಚಿಕೊಂಡಳು.

"ಔಟ್!" ಎಂದು ಐವತ್ತು ಹೆಂಗಸರು ಒಂದೇ ಉಸಿರಿನಲ್ಲಿ ಕೂಗಿದರು. ಎಲ್ಲರಿಗಿಂತ ಜೋರಾದ ದನಿ ನನ್ನ ಅತ್ತೆಯದು. ಗೆದ್ದದ್ದು ಅವರ ಊರೇ ಅನ್ನುವುದೂ ಮರೆತುಹೋಗಿತ್ತು.

ಅಂಪೈರ್ ಎರಡೂ ಕೈ ಮೇಲೆತ್ತಿ ಸಿಕ್ಸರ್ ಅಂದ. ಹೆಂಗಸರು ಒಪ್ಪಲಿಲ್ಲ. "ನೆಲಕ್ಕೆ ಬಿದ್ದಿಲ್ಲ ಕಣಪ್ಪ, ಬಂದು ನೋಡು!" ಎಂದು ಚೆಂಡು ಹಿಡಿದವಳು ಸೆರಗು ಬಿಚ್ಚಿ ತೋರಿಸಿದಳು. ಅಂಪೈರ್ ಗೆರೆ ತೋರಿಸಿದ, ಅವರು ಸೆರಗು ತೋರಿಸಿದರು. ರಾಯಲ್ಪಾಡಿನ ಹುಡುಗರು ಆಗಲೇ ಟಗರನ್ನು ಬಿಚ್ಚಿ ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ಮಾಲೂರಿನ ಹುಡುಗರು ಸೋತ ಬೇಸರ ಬಿಟ್ಟು ಹೆಂಗಸರ ಕಡೆ ಸೇರಿ "ಔಟ್, ಔಟ್" ಅಂತ ಕೂಗುತ್ತಿದ್ದರು. ಎಲ್ಲರೂ ತೀರ್ಪಿಗಾಗಿ ಶಾಮಿಯಾನದ ಕಡೆ ತಿರುಗಿದರು. ನಾನು ಮೈಕು ಬಾಯಿಗೆ ಹಿಡಿದಿದ್ದೆ, ಹೇಳಬೇಕು ಅಂತಲೇ ಇದ್ದೆ, ಆದರೆ ನಗು ತಡೆಯಲಾಗದೆ ಒಂದು ಅಕ್ಷರವೂ ಹೊರಡಲಿಲ್ಲ. ಶ್ರೀನಿವಾಸಪುರದ ಆ ಬೀದಿಗೆಲ್ಲ ಸುಮಾರು ಹೊತ್ತು ಕೇಳಿಸಿದ್ದು ನನ್ನ ನಗು ಒಂದೇ.