ಅರುಂಧತಿಗೆ ಸಾಕ್ಷಿ ನಿಂತ ಮಾಸ್ತರು

ಸಿದ್ರಾಮಪ್ಪ ಮಾಸ್ತರು ಬದನೆಕಾಯಿ ಕೊಳ್ಳುವಾಗಲೂ ಎಡಗಣ್ಣು ಮುಚ್ಚುತ್ತಿದ್ದರು. ದುರ್ಬೀನಿಗೆ ಕಣ್ಣಿಟ್ಟು ಇಟ್ಟು ಹತ್ತಿದ ಚಟ ಅದು. ಯಾವುದನ್ನಾದರೂ ನೆಟ್ಟಗೆ ನೋಡಬೇಕೆಂದರೆ ಸಾಕು, ಒಂದು ಕಣ್ಣು ತಾನೇ ಮುಚ್ಚಿಕೊಳ್ಳುತ್ತಿತ್ತು. ಶಹಾಪುರದ ಸಂತೆಗೆ ಹೊಸದಾಗಿ ಬಂದ ಕಾಯಿಪಲ್ಲೆಯವಳಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? "ಏನ್ ಮಾಸ್ತರ, ತಲಿ ಬೆಳ್ಳಗಾದ್ರೂ ಕಣ್ಣ ಹೊಡಿಯೂದು ಬಿಟ್ಟಿಲ್ಲಲ್ಲ?" ಎಂದು ತಕ್ಕಡಿಯನ್ನೇ ಎತ್ತಿದಳು. ಮಾಸ್ತರು ಎರಡು ಹೆಜ್ಜೆ ಹಿಂದೆ ಸರಿದು, "ಯವ್ವಾ, ಹುಳಕ ಅದಾವೇನಂತ ನೋಡಾಕತ್ತೀನಿ" ಅಂದರು. ಚೀಲ ಹಿಡಿದು ಪಕ್ಕದಲ್ಲಿದ್ದ ನಾನು ನಗು ತಡೆಯಲಾರದೆ ಟೊಮೇಟೊ ರಾಶಿಯ ಮೇಲೆ ಬೀಳುವುದೊಂದು ಬಾಕಿ.

ಅವರು ನಮ್ಮ ಓಣಿಯವರೇ. ನನ್ನ ಹೈಸ್ಕೂಲಿನ ವಿಜ್ಞಾನದ ಮಾಸ್ತರು. ಮದುವೆಯಾಗಲಿಲ್ಲ, ಅಕ್ಕನ ಜೊತೆ ಇದ್ದರು. ಆಗ ನಮ್ಮ ಕಡೆ ಕೆನಾಲಿನ ಕೆಲಸ ಜೋರಾಗಿ ನಡೆದಿತ್ತು. ಕೆನಾಲ್ ಕ್ಯಾಂಪಿನಲ್ಲಿ ಬೇಡವೆಂದು ಬಿಸಾಕಿದ ಪೈಪೊಂದನ್ನು ಮಾಸ್ತರು ಸೈಕಲ್ಲಿಗೆ ಕಟ್ಟಿ ತಂದರು. ಹೈದರಾಬಾದಿನಲ್ಲಿ ಓದುವಾಗ ಕೊಂಡಿದ್ದ ಗಾಜುಗಳನ್ನು ಅದರ ಎರಡು ತುದಿಗೆ ಕೂಡಿಸಿ ದುರ್ಬೀನು ಮಾಡಿದರು. "ಮಂದಿ ಪೈಪ್ ತಂದು ಗದ್ದಿಗೆ ನೀರ ಬಿಡ್ತಾರ, ನಮ್ಮ ತಮ್ಮ ಆಕಾಶಕ್ಕ ಬಿಟ್ಟಾನ" ಎಂದು ಅಕ್ಕ ಊರೆಲ್ಲ ಹೇಳಿಕೊಂಡು ಬಂದಳು.

ಮಾಸ್ತರಿಗೆ ಒಂಟಿ ನಕ್ಷತ್ರಗಳ ಮೇಲೆ ಅಷ್ಟು ಪ್ರೀತಿ ಇರಲಿಲ್ಲ. ಅವರಿಗೆ ಬೇಕಾಗಿದ್ದವು ಜೋಡಿ ಚಿಕ್ಕಿಗಳು, ಒಂದರ ಸುತ್ತ ಒಂದು ತಿರುಗುವಂಥವು. "ಬರೇ ಕಣ್ಣಿಗೆ ಒಂದ ಕಂಡ್ತಂತ ಒಂದ ಅನಬ್ಯಾಡ್ರಿ, ಬಾಳ ಕಡೆ ಅಲ್ಲಿ ಎರಡು ಇರ್ತಾವ" ಅನ್ನುವುದು ಅವರ ಪಲ್ಲವಿ. ಒಂದು ದಿನ ವರ್ಗದಲ್ಲಿ ಬೆಂಚುಗಳನ್ನು ಸರಿಸಿ ನನ್ನನ್ನೂ ಶಾಂತಾಳನ್ನೂ ಕೈಕೈ ಹಿಡಿಸಿ ಫುಗಡಿ ಆಡಿಸಿದರು. ಶಾಂತಾ ಗುಂಡುಗುಂಡಗೆ ಇದ್ದಳು. ನಾನೋ, ಬರೀ ಕಡ್ಡಿ. ಗರಗರ ಸುತ್ತತೊಡಗಿದೆವು.

"ನೋಡ್ರಿ, ಶಾಂತಾ ಸಣ್ಣ ಸುತ್ತು ಹಾಕಾಕತ್ತಾಳ, ಗಿರಿಜಾ ದೊಡ್ಡ ಸುತ್ತು ಓಡಾಕತ್ತಾಳ. ಯಾರು ಭಾರ ಅದಾರ?"

"ಶಾಂತಾ ರೀ!" ಎಂದು ವರ್ಗಕ್ಕೆ ವರ್ಗವೇ ಕೂಗಿತು.

"ತಕ್ಕಡಿ ಇಲ್ದ ಹ್ಯಾಂಗ ತಿಳೀತು? ಖಗೋಳದವರೂ ಹಿಂಗ. ವರ್ಷಾನುಗಟ್ಲೆ ಕುಂತು ನೋಡ್ತಾರ. ಎಷ್ಟು ದೂರ ನಿಂತು ಸುತ್ತತಾವ, ಒಂದು ಸುತ್ತಿಗೆ ಎಷ್ಟು ಕಾಲ ಹಿಡೀತದ, ಇಷ್ಟು ತಿಳಿದ್ರ ಚಿಕ್ಕಿ ತೂಕ ಹೇಳಬಹುದು. ಇನ್ನ ಶಾಂತಾಗ ಕರೀ ಕಂಬಳಿ ಹೊಚ್ಚಿ ಕತ್ತಲಾಗ ನಿಲ್ಲಸ್ರಿ. ಆಕಿ ಕಾಣಂಗಿಲ್ಲ. ಆದ್ರ ಗಿರಿಜಾ ಹಿಂಗ ಸುತ್ತಾಕತ್ತಾಳಂದ್ರ ಯಾರೋ ಕೈ ಹಿಡಿದಾರಂತ ಗೊತ್ತಾಗ್ತದೋ ಇಲ್ಲೋ?"

ಕಂಬಳಿ ಹೊದ್ದ ಜೋಡಿದಾರ ಮುಂದೆ ಹಾದಾಗಲೆಲ್ಲ ಹಿಂದಿನದರ ಬೆಳಕು ಕುಂದುತ್ತದೆ, ಅದನ್ನು ನೋಡಿಯೂ ಹಿಡಿಯಬಹುದು ಎಂದರು. ತೀರಾ ಒತ್ತೊತ್ತಿಗಿದ್ದು ದುರ್ಬೀನಿಗೂ ಬೇರೆಯಾಗದ ಜೋಡಿಗಳೂ ಇವೆಯಂತೆ. ಅವುಗಳ ಬೆಳಕನ್ನು ಬಣ್ಣಬಣ್ಣವಾಗಿ ಒಡೆದರೆ ಅದರಲ್ಲಿ ಕಪ್ಪು ಗೆರೆಗಳು ಕಾಣುತ್ತವೆ. ಆ ಗೆರೆ ಒಮ್ಮೆ ಎರಡಾಗುತ್ತದೆ, ಒಮ್ಮೆ ಒಂದಾಗುತ್ತದೆ. ಅಷ್ಟರಿಂದಲೇ ಒಂದು ನಮ್ಮ ಕಡೆ ಬರುತ್ತಿದೆ, ಇನ್ನೊಂದು ದೂರ ಹೋಗುತ್ತಿದೆ ಎಂದು ತಿಳಿಯುತ್ತಾರಂತೆ. ಶಾಂತಾ ಮಾತ್ರ ಆಮೇಲೆ ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟಳು. ಭಾರ ಅಂದವರು ಮಾಸ್ತರು, ಸಿಟ್ಟು ನನ್ನ ಮೇಲೆ!

ಇಂಥ ಮಾಸ್ತರು ಒಂದು ಸಲ ನನ್ನ ಸಂಸಾರ ಉಳಿಸಿದರು. ಅದನ್ನು ಹೇಳದೆ ಇವರ ಕತೆ ಪೂರ್ತಿಯಾಗುವುದಿಲ್ಲ.

ನನ್ನ ಮದುವೆ ಸುರಪುರದ ಹುಡುಗನ ಜೊತೆ, ಬೇಸಿಗೆಯಲ್ಲಿ, ಗೋಧೂಳಿ ಮುಹೂರ್ತಕ್ಕೆ ಆಯಿತು. ಅವರದು ಕಾಳಿನ ಅಂಗಡಿ. ತಾಳಿ ಕಟ್ಟಿದ ಮೇಲೆ ಅಯ್ಯನವರು ಅರುಂಧತಿ ತೋರಿಸಲು ನಮ್ಮಿಬ್ಬರನ್ನೂ ಅಂಗಳಕ್ಕೆ ಕರೆತಂದರು. ಮಟಮಟ ಮಧ್ಯಾಹ್ನದ ಮದುವೆಗಳಲ್ಲಿ ಎಲ್ಲರೂ ಚಪ್ಪರದ ಬಟ್ಟೆ ನೋಡಿಯೇ "ಕಂಡ್ತು" ಅಂದು ಒಳಗೆ ಹೋಗುತ್ತಾರೆ. ನಮ್ಮದು ಸಂಜೆ; ಮೇಲಾಗಿ ಕರೆಂಟು ಹೋಗಿ ಆಕಾಶ ನಿಚ್ಚಳವಾಗಿತ್ತು. "ಸಪ್ತರ್ಷಿ ಬಾಲದಾಗ ನಡಬರಕಿನಾಂವ ವಸಿಷ್ಠ, ಅವನ ಮಗ್ಗಲ ಸಣ್ಣಾಕಿ ಅರುಂಧತಿ. ಕಂಡ್ತಿಲ್ಲ?" ಎಂದರು ಅಯ್ಯನವರು. ನನಗೆ ಕಂಡಿತು. ನಮ್ಮನಿಯವರು ಕತ್ತು ನೋಯುವಷ್ಟು ಹೊತ್ತು ನೋಡಿ, "ಇಲ್ರಿ ಅಯ್ನೋರ, ನನಗ ಒಂದ ಕಾಣ್ತದ" ಅಂದುಬಿಟ್ಟರು.

ಹೂಂ ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಸುಳ್ಳು ಬಾರದ ಗಂಡನನ್ನು ಕಟ್ಟಿಕೊಂಡ ಕಷ್ಟ ನನಗೆ ತಲೆ ಮೇಲಿನ ಅಕ್ಷತೆ ಉದುರುವ ಮೊದಲೇ ಶುರುವಾಯಿತು.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಎದೆ ಹಿಡಿದುಕೊಂಡು ಕೂತಳು. ಅರುಂಧತಿ ಕಾಣದವರಿಗೆ ಆಯುಷ್ಯ ಇಲ್ಲ, ವರುಷ ತುಂಬುವುದರೊಳಗೆ ಹೋಗಿಬಿಡುತ್ತಾರೆ ಎಂದು ಅವಳ ನಂಬಿಕೆ. ಊಟಕ್ಕೆ ಬಂದಿದ್ದ ಮಾಸ್ತರು ಸಮಾಧಾನ ಮಾಡಲು ಓಡಿ ಬಂದರು. "ಆಯಿ, ಫಿಕರ್ ಮಾಡಬ್ಯಾಡ್ರಿ, ಅದು ಯಮಳ ತಾರೆ..." ಎಂದರು ನೋಡಿ, ಮುಂದಿನದನ್ನು ಹೇಳಲು ಆಯಿ ಬಿಡಲೇ ಇಲ್ಲ. "ಯಮನ ತಾರೆ ಅಂತ! ಮಾಸ್ತರನ ಬಾಯಾಗೂ ಅದ ಬಂತಲ್ಲೋ!" ಎಂದು ಹೋ ಎಂದು ಅತ್ತಳು. ಯಮಳ ಅಂದರೆ ಜೋಡಿ ರೀ ಎಂದು ಮಾಸ್ತರು ಕೂಗಿದ್ದು ಹೆಂಗಸರ ಅಳುವಿನಲ್ಲಿ ಯಾರಿಗೂ ಕೇಳಲಿಲ್ಲ. ಹಣೆ ಹಣೆ ಬಡಿದುಕೊಂಡರು ಪಾಪ, ಮಾಸ್ತರು.

ಮರುದಿನ ಬೆಳಿಗ್ಗೆ ನನ್ನನ್ನು ಸುರಪುರಕ್ಕೆ ಕಳಿಸಬೇಕು. ಆಯಿ ನನ್ನ ಟ್ರಂಕಿನ ಮೇಲೆ ಕೂತವಳು ಏಳಲಿಲ್ಲ. "ಕೂಸಿನ್ನ ಬಾವ್ಯಾಗ ನೂಕಂಗಿಲ್ಲ ನಾ." ಬೀಗರಿಗೆ ಸಿಟ್ಟು ನೆತ್ತಿಗೇರಿತು. "ಕಳಸಂಗಿಲ್ಲಂದ್ರ ಬಾಯಿಬಿಟ್ಟು ಹೇಳ್ರಿ. ಒಮ್ಮಿ ಹೊಂಟ್ವಿ ಅಂದ್ರ ತಿರಗಿ ಬರಂಗಿಲ್ಲ" ಎಂದರು ಮಾವ. ಅಪ್ಪ ಅವರ ಕೈಹಿಡಿದು ಸಂಜೆತನಕ ಇರಿ ಎಂದು ಬೇಡಿಕೊಂಡ. ನಾನು ಅಡುಗೆಮನೆ ಮೂಲೆಯಲ್ಲಿ ಕೂತಿದ್ದೆ. ಗಂಡ ಸತ್ತಾನೆಂಬ ಹೆದರಿಕೆ ಒಂದು ಕಡೆ, ಬಿಟ್ಟು ಹೋದಾನೆಂಬ ಹೆದರಿಕೆ ಇನ್ನೊಂದು ಕಡೆ. ಒಂದು ದಿನದ ಹೆಂಡತಿಗೆ ಇದಕ್ಕಿಂತ ಹೆಚ್ಚೇನು ಬೇಕು?

ಮಾಸ್ತರು ಅಳಿಯನನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದರು. ದೂರದಿಂದ ಬರುವ ಬಸ್ಸುಗಳ ಬೋರ್ಡು ಓದಿಸಿದರು. ಯಾದಗಿರಿಯದನ್ನು ನಮ್ಮನಿಯವರು ಸುರಪುರದ್ದು ಎಂದರು, ಸುರಪುರದ್ದು ತೀರಾ ಮುಂದೆ ಬರುವ ತನಕ ಯಾವುದೆಂದು ತಿಳಿಯಲೇ ಇಲ್ಲ. ಮಾಸ್ತರು ಸಂತೋಷದಿಂದ ಕುಣಿಯುತ್ತಲೇ ಮನೆಗೆ ಬಂದರು. "ಅಳಿಯಂದ್ರಿಗೆ ಕಣ್ಣು ಬರೋಬರ್ ಇಲ್ರಿ!" ಎಂದು ಪೇಡೆ ಹಂಚುವವರ ಹಾಗೆ ಸಾರಿದರು. ಬೀಗರ ಮುಖ ನೋಡಬೇಕಿತ್ತು.

ಕತ್ತಲಾಗುತ್ತಲೇ ಅಂಗಳದಲ್ಲಿ ದುರ್ಬೀನು ನಿಂತಿತು. ನಮ್ಮನಿಯವರು ಕಣ್ಣಿಟ್ಟು, "ಕಂಡ್ತ್ರಿ! ಎರಡಲ್ರಿ, ಮೂರು ಅದಾವ!" ಎಂದರು.

"ಮದ್ಲ ಕಾಣತಿದ್ದಿಲ್ಲ, ಈಗ ಹೆಚ್ಚಿಗಿ ಕಾಣಾಕತ್ತಾವ" ಎಂದು ಆಯಿ ಮತ್ತೆ ಕಣ್ಣೊರೆಸಿಕೊಂಡಳು. "ಕೊಳವಿಯಾಗ ನೋಡಿದ್ರ ನೋಡಿದಂಗೇನು ಮಾಸ್ತರ? ಬರೇ ಕಣ್ಣಿಗೆ ಕಾಣಬೇಕು."

ಮಾಸ್ತರು ಅವಳ ಪಕ್ಕ ನೆಲದ ಮೇಲೆಯೇ ಕೂತರು. "ಹಂಗಾರ ನೀವು ಬರೇ ಕಣ್ಣಲೆ ನೋಡ್ರಿ ಆಯಿ. ಕಾಣ್ತಾಳೇನು?"

ಆಯಿ ಮೇಲೆ ನೋಡಿದಳು. ಕೈ ಅಡ್ಡ ಇಟ್ಟು ನೋಡಿದಳು.

"ಇಲ್ಲಪ್ಪ" ಎಂದಳು ಸಣ್ಣ ದನಿಯಲ್ಲಿ.

"ಯಾವಾಗಿಂದ?"

"ಕೆನಾಲ್ ಅಗಿಯೂ ಮುಂಚಿಂದ."

"ಕೆನಾಲ್ ಅಗದ್ರು, ನೀರು ಬಂತು, ಜ್ವಾಳ ಹೋಗಿ ಭತ್ತ ಬಂತು. ನೀವು ಇನ್ನೂ ಇಡೀ ಮನಿ ಮ್ಯಾಲೆ ಜೋರು ಮಾಡಾಕತ್ತೀರಿ. ಆಯುಷ್ಯಕ್ಕ ಏನ್ ಕಡಿಮಿ ಆಗ್ಯಾದ, ಹೇಳ್ರಿ?"

ಮೊದಲು ನಕ್ಕವರು ನನ್ನ ಮಾವ. ಆಮೇಲೆ ಅಂಗಳವೇ ನಕ್ಕಿತು. ಆಯಿ ಮಾತ್ರ ನಗಲಿಲ್ಲ. "ಟ್ರಂಕ್ ತರ್ರಿ ಹೊರಗ. ಮದ್ಲ ಅಳಿಯಗ ಒಂದು ಚಸ್ಮಾ ಕೊಡಸ್ರಿ" ಎಂದಳು. ನನಗೆ ಹೋದ ಜೀವ ಬಂದಂತಾಯಿತು. ಒಳಗೆ ಹೋಗಿ ಬಿಕ್ಕಿಬಿಕ್ಕಿ ಅತ್ತೆ, ಹೊಟ್ಟೆ ತುಂಬ ಉಂಡೆ. ಹೊರಗೆ ಆಯಿ ಕೇಳುತ್ತಿದ್ದಳು: "ಎಲ್ಲಾ ಖರೆ ಮಾಸ್ತರ, ಆ ಮೂರನೇದಾಕಿ ಯಾರು? ವಸಿಷ್ಠ ಇನ್ನೊಬ್ಬಾಕಿನ್ನ ಇಟಗೊಂಡಾನೇನು?" ಆಕೆ ಅಲ್ಲ, ಅದು ವಸಿಷ್ಠನದೇ ಜೋಡಿ, ನಾವು ಒಂದೇ ಅಂದುಕೊಂಡ ವಸಿಷ್ಠನೇ ಇಬ್ಬರು ಎಂದು ತಿಳಿಹೇಳುವಷ್ಟರಲ್ಲಿ ಮಾಸ್ತರಿಗೆ ಸಾಕುಸಾಕಾಯಿತು. ಅರುಂಧತಿಗೂ ಆ ಇಬ್ಬರು ವಸಿಷ್ಠರಿಗೂ ಇರುವ ನಂಟಿನ ಬಗ್ಗೆ ಪಂಡಿತರು ಇನ್ನೂ ಜಗಳಾಡುತ್ತಿದ್ದಾರೆ ಎಂಬುದನ್ನು ಮಾತ್ರ, ಮಾಸ್ತರು ಜಾಣರು, ಅವತ್ತು ಹೇಳಲಿಲ್ಲ.

ಆ ಮೊದಲ ವರ್ಷ ನಾನು ನಗುನಗುತ್ತ ಸಂಸಾರ ಮಾಡಿದೆ ಅಂದರೆ ಸುಳ್ಳಾದೀತು. ಬುದ್ಧಿಗೆ ತಿಳಿದದ್ದು ಎದೆಗೆ ಇಳಿಯಬೇಕಲ್ಲ! ಅವರು ಕೆಮ್ಮಿದರೆ ನಾನು ಎದ್ದು ಕೂಡುತ್ತಿದ್ದೆ. ಮಾಸ್ತರು ಆಗಾಗ ಸುರಪುರದ ನಮ್ಮ ಅಂಗಡಿಗೆ ಬಂದು ತೊಗರಿಬೇಳೆ ಒಯ್ಯುತ್ತಿದ್ದರು. ಶಹಾಪುರದಲ್ಲಿ ಬೇಳೆ ಸಿಗುವುದಿಲ್ಲವೇ ಎಂದು ಕೇಳಿದರೆ, "ನಿಮ್ಮದು ಜಲ್ದಿ ಕುದೀತದ" ಅನ್ನುತ್ತಿದ್ದರು. ವರ್ಷ ಕಳೆಯಿತು, ಎರಡಾಯಿತು, ಮಗಳು ಹುಟ್ಟಿದಳು, ನನ್ನ ಹೆದರಿಕೆ ಯಾವಾಗ ಹೋಯಿತೋ ನನಗೇ ತಿಳಿಯಲಿಲ್ಲ.

ಕೊನೆಯ ಸಲ ಮಾಸ್ತರನ್ನು ನೋಡಿದ್ದು ಯಾದಗಿರಿಯ ದವಾಖಾನೆಯಲ್ಲಿ, ಅವರು ಹಾಸಿಗೆ ಹಿಡಿದಾಗ. ನಮ್ಮನಿಯವರು ಔಷಧಿ ತರಲು ಹೊರಗೆ ಹೋಗಿದ್ದರು. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಅಂದು ಮಾಸ್ತರಿಗೆ ಹೇಳಿದೆ. "ಆ ವರ್ಷ ನಾ ಒಂದಿನಾನೂ ಕಣ್ತುಂಬ ನಿದ್ದಿ ಮಾಡಿಲ್ರಿ ಸರ್."

"ನಾ ಮಾಡಿದ್ನೇನು ತಂಗಿ?" ಎಂದರು.

ನನಗೆ ಅರ್ಥವಾಗಲಿಲ್ಲ.

"ಚಿಕ್ಕಿಗೂ ಅವನ ಆಯುಷ್ಯಕ್ಕೂ ಸಂಬಂಧಿಲ್ಲಂತ ನನಗ ಗೊತ್ತಿತ್ತು. ಜ್ವರಕ್ಕ ಗೊತ್ತಿತ್ತೇನು? ಹಾವಿಗೆ ಗೊತ್ತಿತ್ತೇನು? ಏನರ ಆಗಿದ್ರ ನಿನ್ನ ಮುಖ ನಾ ಹ್ಯಾಂಗ ನೋಡ್ತಿದ್ದೆ? ಬ್ಯಾಳಿ ಯಾರಿಗಿ ಬೇಕಾಗಿತ್ತು? ಗಲ್ಲಾದ ಮ್ಯಾಲೆ ಅಂವ ಕುಂತದ್ದು ಕಂಡ್ರ ಸಾಕಾಗಿತ್ತು ನನಗ."

ನಾನು ಅವರ ಕೈ ಹಿಡಿದುಕೊಂಡು ಅತ್ತೆ, ಅಳುತ್ತಲೇ ನಕ್ಕೆ. ಅವರೂ ನಕ್ಕರು, ಮೈ ಹಗುರಾದವರ ಹಾಗೆ.

ಮಾಸ್ತರು ಹೋದ ಸುದ್ದಿ ಬಂದ ದಿನ ನಾನು ಇದನ್ನೆಲ್ಲ ನಮ್ಮನಿಯವರಿಗೆ ಹೇಳಿದೆ. ಅವರು ಎದ್ದು ಅಂಗಡಿಯ ಬಾಗಿಲು ಹಾಕಿದರು. "ನಾ ಬದುಕಬೇಕಂತ ನಮ್ಮವ್ವ ಒಬ್ಬಾಕಿ ಫಿಕರ್ ಮಾಡಿದ್ಲು ಅನಕೊಂಡಿದ್ದೆ, ಆಮ್ಯಾಲ ನೀನು" ಎಂದರು. "ಇನ್ನೊಬ್ರು ಇದ್ದದ್ದು ಗೊತ್ತ ಆಗ್ಲಿಲ್ಲಲ್ಲ."